ಭೋಗಾಶೆಯೂ ಪೀಠಕಲಹವೂ: ಕ್ರಿ. ಶ. ೩೬೬ರ ರೋಮ್ ನಗರದ ಒಂದು ಪ್ರಕರಣ

ಕ್ರೈಸ್ತಮತದ ಪ್ರಾಚೀನ ಚರಿತ್ರೆಯನ್ನು ಬರೆದವರು ಆ ಮತದವರೊಳಗೆ ಹುಟ್ಟಿದ ಕಲಹಗಳನ್ನು ಬಹುಮಟ್ಟಿಗೆ ಸಿದ್ಧಾಂತಭೇದದಿಂದಲೇ ವಿವರಿಸುತ್ತ ಬಂದಿದ್ದಾರೆ. ಪಿತನಿಗೂ ಪುತ್ರನಿಗೂ ತತ್ತ್ವತಃ ಐಕ್ಯವುಂಟೇ ಇಲ್ಲವೇ ಎಂದು ಆರಿಯಸನು ಎಬ್ಬಿಸಿದ ವಾದ, ಅದನ್ನು ಖಂಡಿಸಿದ ೩೨೫ರ ನೈಸಿಯದ ಮಹಾಸಭೆ, ಆಮೇಲಿನ ಬಹಿಷ್ಕಾರಗಳು, ಗಡೀಪಾರುಗಳು—ಇವೇ ಆ ಕಾಲದ ಕಲಹಗಳ ಬೀಜಗಳೆಂದು ಸಾಮಾನ್ಯವಾದ ಎಣಿಕೆ. ಇದು ಅಸತ್ಯವಲ್ಲ, ಪೂರ್ಣಸತ್ಯವೂ ಅಲ್ಲ. ನೈಸಿಯದ ನಿರ್ಣಯವನ್ನು ಸಮಾನವಾಗಿ ಒಪ್ಪಿದ್ದ ಇಬ್ಬರು, ಒಂದೇ ಸಭೆಯ ಸೇವೆಯಲ್ಲಿ ಬೆಳೆದವರು, ೩೬೬ನೆಯ ಇಸವಿಯಲ್ಲಿ ರೋಮಿನ ಬಿಷಪ್ಪನ ಪೀಠಕ್ಕಾಗಿ ಸ್ಪರ್ಧಿಸಿದರು. ಆ ಸ್ಪರ್ಧೆಯಲ್ಲಿ ಪ್ರಾರ್ಥನಾಮಂದಿರದೊಳಗೇ ನೂರಕ್ಕೆ ಮಿಕ್ಕ ಹೆಣಗಳು ಬಿದ್ದುವು. ಆ ಕಲಹಕ್ಕೆ ಮೂಲವು ಯಾವುದೆಂಬುದೇ ಪ್ರಕೃತ ವಿಚಾರ.

ಕಲಹದ ಮೂಲವನ್ನು ಕುರಿತ ಪ್ರಶ್ನೆಯನ್ನು ಕ್ರೈಸ್ತರ ಧರ್ಮಗ್ರಂಥವೇ ಒಂದೆಡೆ ನೇರವಾಗಿ ಕೇಳಿಕೊಂಡಿದೆ. ಕನ್ನಡ ಬೈಬಲಿನಲ್ಲಿ ಯಾಕೋಬನ ಪತ್ರಿಕೆಯೆಂದು ಕರೆಯಿಸಿಕೊಳ್ಳುವ ಚಿಕ್ಕ ಗ್ರಂಥದ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ, ಭಕ್ತರ ನಡುವಣ ಹೋರಾಟಗಳಿಗೆ ಅವರ ಅಂಗಾಂಗಗಳಲ್ಲಿ ಹೋರಾಡುತ್ತಿರುವ ಆಶೆಗಳೇ ಕಾರಣವೆಂಬ ಅಭಿಪ್ರಾಯವಿದೆ. ಮೂಲ ಗ್ರೀಕಿನಲ್ಲಿರುವ ಪದ ‘ಹೆಡೊನೆ’. ಎಪಿಕ್ಯೂರಸನ ಪಂಥದವರು ಸುಖವೆಂಬರ್ಥದಲ್ಲಿ ಬಳಸುತ್ತಿದ್ದ ಪದವೇ ಇದು. ನಮ್ಮಲ್ಲಿ ಭೋಗಾಶೆಯೆಂದರೆ ಅರ್ಥವು ಸರಿಹೋಗುತ್ತದೆ. ವಿಷಯಧ್ಯಾನದಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧವೆಂಬ ಗೀತೆಯ ಎರಡನೆಯ ಅಧ್ಯಾಯದ ಪರಂಪರೆಯನ್ನು ಬಲ್ಲ ನಮ್ಮ ವಿದ್ವಾಂಸರಿಗೆ ಈ ಮಾತು ಹೊಸದೆಂದು ತೋರಲಾರದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗೀತೆಯಲ್ಲಿ ಆ ಸರಪಳಿಯ ಕೊನೆಯು ಒಬ್ಬನ ಬುದ್ಧಿನಾಶ, ಅವನೊಬ್ಬನ ವಿನಾಶ. ಕೌಟಿಲ್ಯನು ಅರಿಷಡ್ವರ್ಗವನ್ನು ಹೇಳಿ, ಕಾಮದಿಂದ ಕೆಟ್ಟ ದಾಂಡಕ್ಯನನ್ನೂ ಲೋಭದಿಂದ ಕೆಟ್ಟ ಐಲನನ್ನೂ ಉದಾಹರಿಸುವಾಗ ಅವನ ಲಕ್ಷ್ಯ ರಾಜನ ಮೇಲೆ. ಯಾಕೋಬನ ಲಕ್ಷ್ಯವು ಭಕ್ತರ ಸಮೂಹದ ಮೇಲೆ. ಒಳಗಣ ಯುದ್ಧವೇ ಹೊರಗೆ ಬಂದು ಸಮೂಹದ ಯುದ್ಧವಾಗುವುದೆಂಬುದು ಅವನ ಮತ. ಅಷ್ಟೇ ಅಲ್ಲ, ಬೇಡಿದರೂ ದೊರೆಯದಿರುವುದಕ್ಕೆ ಭೋಗಕ್ಕಾಗಿ ಬೇಡುವುದೇ ಕಾರಣವೆಂದು ಹೇಳಿ, ಪ್ರಾರ್ಥನೆಯೂ ಆಶೆಯ ಉಪಕರಣವಾಗಬಲ್ಲುದೆಂದು ಅವನು ಸೂಚಿಸಿರುವನು. ಪಶ್ಚಿಮದ ಲ್ಯಾಟಿನ್ ಸಭೆಗಳಲ್ಲಿ ನಾಲ್ಕನೆಯ ಶತಮಾನದ ನಡುವಿನವರೆಗೆ ಈ ಪತ್ರಿಕೆಯ ಬಳಕೆ ವಿರಳ. ಅಲೆಕ್ಸಾಂಡ್ರಿಯದ ಅಥನೇಶಿಯಸನು ಹೊಸ ಒಡಂಬಡಿಕೆಯ ೨೭ ಗ್ರಂಥಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಈಸ್ಟರ್ ಪತ್ರವನ್ನು ಕಳುಹಿಸಿದ್ದು ೩೬೭ರಲ್ಲಿ, ಅಂದರೆ ನಾವು ಹೇಳಹೊರಟಿರುವ ರಕ್ತಪಾತದ ಮರುವರ್ಷ.

ಆಶೆಯು ಮನುಷ್ಯನಲ್ಲಿ ಎಂದೂ ಇದ್ದುದೇ ಅಲ್ಲವೇ, ೩೬೬ರಲ್ಲಿ ಹೊಸದಾಗಿ ಹುಟ್ಟಿತೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರವನ್ನು ಕಾಣಲು ಶತಮಾನಕ್ಕೂ ಹಿಂದಿನ ಇನ್ನೊಂದು ಪೀಠಕಲಹವನ್ನು ನೋಡಬೇಕು. ೨೫೦ರ ಜನವರಿಯಲ್ಲಿ ಡೀಶಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ರೋಮಿನ ಬಿಷಪ್ಪನಾದ ಫೇಬಿಯನನು ಮೃತನಾದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಪೀಠವು ಬರಿದಾಗಿದ್ದು, ೨೫೧ರಲ್ಲಿ ಕಾರ್ನೀಲಿಯಸನು ಆಯ್ಕೆಯಾದನು. ನೊವಾಶಿಯನ್ ಎಂಬ ವಿದ್ವಾಂಸನು ಪ್ರತಿಸ್ಪರ್ಧಿಯಾಗಿ ನಿಂತನು. ಹಿಂಸೆಗೆ ಹೆದರಿ ಮತವನ್ನು ನಿರಾಕರಿಸಿದ್ದವರನ್ನು ಪುನಃ ಸೇರಿಸಿಕೊಳ್ಳಬಹುದೇ ಎಂಬುದು ಅಲ್ಲಿಯ ವಾದ. ಕಾರ್ನೀಲಿಯಸನು ಅಂತಿಯೋಕ್ಯದ ಬಿಷಪ್ಪನಿಗೆ ಬರೆದ ಪತ್ರದ ಭಾಗಗಳನ್ನು ಯುಸೇಬಿಯಸನು ತನ್ನ ಚರಿತ್ರೆಯಲ್ಲಿ ಉಳಿಸಿರುವನು. ನೊವಾಶಿಯನನು ಪದವಿಯ ಆಶೆಯನ್ನು ಬಹುಕಾಲ ಮುಚ್ಚಿಟ್ಟುಕೊಂಡಿದ್ದನೆಂದೂ, ಇಟಲಿಯ ಮೂಲೆಯಿಂದ ಮೂವರು ಸರಳ ಬಿಷಪ್ಪರನ್ನು ಕರೆಯಿಸಿ ಅವರಿಗೆ ಕುಡಿಸಿ ಅಭಿಷೇಕವನ್ನು ಮಾಡಿಸಿಕೊಂಡನೆಂದೂ ಅಲ್ಲಿ ಆರೋಪವಿದೆ. ಪ್ರತಿಪಕ್ಷದ ಮಾತಾದುದರಿಂದ ಪೂರ್ಣವಾಗಿ ನಂಬತಕ್ಕದ್ದಲ್ಲ. ಆದರೂ ಆಶೆಯ ಪ್ರಸಕ್ತಿ ಅಲ್ಲಿಯೂ ಇದೆಯೆಂಬುದು ಸ್ಪಷ್ಟ. ಆದರೆ ಆ ಕಲಹವು ಪತ್ರಗಳಲ್ಲಿಯೂ ಬಹಿಷ್ಕಾರಗಳಲ್ಲಿಯೂ ನಡೆಯಿತೇ ಹೊರತು ಕತ್ತಿ ಕೊಡಲಿಗಳಿಂದ ನಡೆಯಲಿಲ್ಲ. ಗೆದ್ದವನಿಗೆ ದೊರೆತದ್ದೇನು? ಮರುವರ್ಷ ಗಡೀಪಾರು, ಅದರ ಮರುವರ್ಷ ಅಲ್ಲಿಯೇ ಮರಣ.

ಅದೇ ಪತ್ರದಲ್ಲಿ ಕಾರ್ನೀಲಿಯಸನು ತನ್ನ ಸಭೆಯ ಗಣತಿಯನ್ನೂ ಕೊಟ್ಟಿರುವನು: ೪೬ ಮಂದಿ ಗುರುಗಳು, ೭ ಮಂದಿ ಡೀಕನರು, ೭ ಮಂದಿ ಉಪಡೀಕನರು, ೪೨ ಮಂದಿ ಅನುಚರರು, ಭೂತೋಚ್ಚಾಟಕರು ವಾಚಕರು ದ್ವಾರಪಾಲಕರು ಸೇರಿ ೫೨ ಮಂದಿ, ಇವರಲ್ಲದೆ ಸಭೆಯ ಅನ್ನದಿಂದ ಬದುಕುತ್ತಿದ್ದ ವಿಧವೆಯರೂ ದೀನರೂ ೧೫೦೦ಕ್ಕೆ ಮಿಕ್ಕು. ಈ ವಿಧವೆಯರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಅವರ ವಿಚಾರವು ಬರುವುದು.

ಕಾನ್ಸ್ಟಂಟೈನನು ೩೧೨ರಲ್ಲಿ ರೋಮನ್ನು ಗೆದ್ದ ಬಳಿಕ ಸ್ಥಿತಿಯೇ ಬದಲಾಯಿತು. ಲ್ಯಾಟರನ್ನಿನಲ್ಲಿ ಮಹಾಮಂದಿರವು ಎದ್ದಿತು. ಅದಕ್ಕೆ ಬೆಳ್ಳಿ ಬಂಗಾರದ ಪಾತ್ರೆಗಳೂ ಭೂಮಿಗಳ ಉತ್ಪತ್ತಿಯೂ ದತ್ತವಾದುವು. ೩೨೧ರ ಶಾಸನದಿಂದ ಯಾರು ಬೇಕಾದರೂ ಮರಣಶಾಸನದ ಮೂಲಕ ಸಭೆಗೆ ಸ್ವತ್ತನ್ನು ಬಿಡಬಹುದಾಯಿತು. ಹಿಂದೆ ಕೊಲೆಗಾರನು ಹುಡುಕಿಕೊಂಡು ಬರುತ್ತಿದ್ದ ಪೀಠವನ್ನು ಈಗ ಶ್ರೀಮಂತರ ಉಪಾಯನಗಳು ಹುಡುಕಿಕೊಂಡು ಬಂದುವು. ನಮ್ಮ ಮಠಗಳ ಉತ್ತರಾಧಿಕಾರವ್ಯಾಜ್ಯಗಳನ್ನು ಕೇಳಿಬಲ್ಲವರಿಗೆ ಇದರ ಫಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಡಕಮಂಡಲುಗಳಷ್ಟೇ ಇರುವ ಕಡೆ ವ್ಯಾಜ್ಯವು ಹುಟ್ಟುವುದು ಅಪೂರ್ವ.

ಇನ್ನು ೩೬೬ರ ಪೂರ್ವರಂಗ. ಆರಿಯಸನ ಪಕ್ಷಕ್ಕೆ ಒಲಿದಿದ್ದ ಕಾನ್ಸ್ಟಾಂಟಿಯಸ್ ಚಕ್ರವರ್ತಿಯು ೩೫೫ರಲ್ಲಿ ರೋಮಿನ ಬಿಷಪ್ಪನಾದ ಲಿಬೇರಿಯಸನನ್ನು ಗಡೀಪಾರು ಮಾಡಿ, ಫೆಲಿಕ್ಸನೆಂಬ ಡೀಕನನನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿದನು. ಲಿಬೇರಿಯಸನು ಜೀವಿಸಿರುವವರೆಗೆ ಬೇರೆಯವನನ್ನು ಒಪ್ಪುವುದಿಲ್ಲವೆಂದು ಆಣೆಯಿಟ್ಟಿದ್ದ ಸಭಾಸೇವಕರಲ್ಲಿ ಅನೇಕರು ಫೆಲಿಕ್ಸನನ್ನು ಸೇರಿದರು. ೩೫೭ರಲ್ಲಿ ಚಕ್ರವರ್ತಿಯು ರೋಮಿಗೆ ಬಂದಾಗ ಕುಲೀನಸ್ತ್ರೀಯರು ಲಿಬೇರಿಯಸನನ್ನು ಹಿಂದಕ್ಕೆ ಕಳುಹಿಸಬೇಕೆಂದು ಬೇಡಿಕೊಂಡರು. ಇಬ್ಬರೂ ಕೂಡಿ ಆಳಲೆಂದು ಅವನು ಹೊರಡಿಸಿದ ಆಜ್ಞೆಯನ್ನು ರಥಸ್ಪರ್ಧೆಯ ಕ್ರೀಡಾಂಗಣದಲ್ಲಿ ಓದಿದಾಗ, ಬಣ್ಣಬಣ್ಣದ ಎರಡು ಪಕ್ಷಗಳು ಇಲ್ಲಿ ಹೇಗೂ ಇವೆ, ಪಕ್ಷಕ್ಕೊಬ್ಬ ಬಿಷಪ್ಪನಾದರೆ ಸರಿಹೋಯಿತು ಎಂದು ಜನರು ಪರಿಹಾಸ ಮಾಡಿದರಂತೆ. ಥಿಯೊಡೊರೆಟನು ಹೇಳುವ ಕಥೆ ಇದು. ಒಂಬತ್ತೇ ವರ್ಷಗಳಲ್ಲಿ ಈ ಪರಿಹಾಸವು ಅರ್ಧ ನಿಜವಾಯಿತು. ರಥಿಕರು ದೇವಮಂದಿರಕ್ಕೇ ಬಂದರು.

೩೫೮ರಲ್ಲಿ ಲಿಬೇರಿಯಸನು ಹಿಂದಿರುಗಿದನು. ಫೆಲಿಕ್ಸನು ೩೬೫ರಲ್ಲಿಯೂ ಲಿಬೇರಿಯಸನು ೩೬೬ರ ಸೆಪ್ಟೆಂಬರ್ ೨೪ರಂದೂ ಮೃತರಾದರು. ಒಡನೆಯೇ ಲಿಬೇರಿಯಸನಿಗೆ ನಿಷ್ಠರಾಗಿ ಉಳಿದಿದ್ದ ಗುಂಪಿನವರು ಟೈಬರ್ ನದಿಯಾಚೆಯ ಜೂಲಿಯಸನ ಮಂದಿರದಲ್ಲಿ ಉರ್ಸಿನಸ್ ಎಂಬ ಡೀಕನನನ್ನು ಆರಿಸಿದರು; ಬಹುಸಂಖ್ಯಾತರು ಲೂಸಿನಾ ಮಂದಿರದಲ್ಲಿ ದಮಾಸಸನನ್ನು ಆರಿಸಿದರು. ಮುಂದಿನ ವೃತ್ತಾಂತಕ್ಕೆ ಮುಖ್ಯ ಆಧಾರವು ‘ಅವೆಲ್ಲಾನ’ ಎಂಬ ಪತ್ರಸಂಗ್ರಹದ ಮೊದಲನೆಯ ಲೇಖ್ಯ. ಅದರ ಪ್ರಕಾರ ದಮಾಸಸನು ರಥಿಕರನ್ನೂ ಪಾಮರಜನರನ್ನೂ ಹಣಕೊಟ್ಟು ಕೂಡಿಸಿ ಜೂಲಿಯಸನ ಮಂದಿರವನ್ನು ಒಡೆದು ಮೂರು ದಿನ ಸಂಹಾರವನ್ನು ನಡೆಸಿದನು. ಬಳಿಕ ಲ್ಯಾಟರನ್ನನ್ನು ಹಿಡಿದು ಅಭಿಷಿಕ್ತನಾದನು. ಅಕ್ಟೋಬರ್ ೨೬ರಂದು ಅವನ ಕಡೆಯವರು ಲಿಬೇರಿಯಸನ ಮಂದಿರವನ್ನು ಮುತ್ತಿ, ಬಾಗಿಲಿಗೆ ಬೆಂಕಿಯಿಟ್ಟು, ಮಾಡಿನ ಹೆಂಚನ್ನು ಕಿತ್ತು ಒಳಗಿದ್ದವರ ಮೇಲೆ ಎಸೆದು, ೧೬೦ ಮಂದಿ ಸ್ತ್ರೀಪುರುಷರನ್ನು ಕೊಂದರು. ಕೊಡಲಿ ಹಿಡಿದು ಬಂದವರಲ್ಲಿ ಸಭೆಯ ಗೋರಿ ಅಗೆಯುವವರೂ ಇದ್ದರು. ನೆಲದಡಿಯಲ್ಲಿ ರಕ್ತಸಾಕ್ಷಿಗಳಿಗೆ ವಿಶ್ರಾಂತಿಸ್ಥಾನವನ್ನು ತೋಡಿದ ವೃತ್ತಿಯವರೇ ಅವರು.

ಈ ಲೇಖ್ಯವು ಉರ್ಸಿನಸನ ಪಕ್ಷದ್ದೆಂಬುದು ಪ್ರತಿಪಂಕ್ತಿಯಲ್ಲಿಯೂ ಕಾಣುತ್ತದೆ. ಸತ್ತವರೆಲ್ಲ ತಮ್ಮವರೇ, ಎದುರು ಕಡೆಯಲ್ಲಿ ಒಬ್ಬನೂ ಸಾಯಲಿಲ್ಲವೆಂದು ಅದು ಹೇಳುವುದು. ರೂಫೀನಸನೇ ಮೊದಲಾದ ಕ್ರೈಸ್ತ ಚರಿತ್ರಕಾರರು ದಮಾಸಸನ ಕಡೆಗೆ ವಾಲಿ ಉರ್ಸಿನಸನನ್ನೇ ದೂಷಿಸಿದ್ದಾರೆ. ಆದುದರಿಂದ ಎರಡು ಪಕ್ಷಕ್ಕೂ ಸೇರದ, ಕ್ರೈಸ್ತನೇ ಅಲ್ಲದ ಒಬ್ಬ ಸಾಕ್ಷಿಯು ಉಳಿದಿರುವುದು ಭಾಗ್ಯವೆನ್ನಬೇಕು. ಅಂತಿಯೋಕ್ಯದವನಾದ ಅಮ್ಮಿಯಾನಸ್ ಮಾರ್ಸೆಲಿನಸನು ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ರೋಮಿನಲ್ಲಿ ನೆಲಸಿ, ಸುಮಾರು ೩೯೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಚರಿತ್ರೆಯನ್ನು ಬರೆದನು. ಅವನ ೨೭ನೆಯ ಪುಸ್ತಕದ ಪ್ರಕಾರ ಸಿಸಿನಿನಸನ ಮಂದಿರದಲ್ಲಿ ಒಂದೇ ದಿನ ೧೩೭ ಹೆಣಗಳು ಕಂಡುವು. ನಗರಾಧ್ಯಕ್ಷನಾದ ವಿವೆಂಟಿಯಸನು ಗಲಭೆಯನ್ನು ಅಡಗಿಸಲಾರದೆ ಊರ ಹೊರಗೆ ಹೋಗಿ ಉಳಿದನು. ಸಿಸಿನಿನಸನ ಮಂದಿರವೂ ಲಿಬೇರಿಯಸನ ಮಂದಿರವೂ ಒಂದೇ ಎಂದು ಹಲವು ವಿದ್ವಾಂಸರ ಊಹೆ. ೧೩೭ ಸರಿಯೋ ೧೬೦ ಸರಿಯೋ ಎಂಬ ಚರ್ಚೆಯಿಂದ ನಮ್ಮ ವಿಷಯಕ್ಕೆ ಪ್ರಯೋಜನವಿಲ್ಲ.

ಸಂಖ್ಯೆಗಿಂತ ಮುಖ್ಯವಾದುದು ಅಮ್ಮಿಯಾನಸನು ಕೊಡುವ ಕಾರಣ. ಸಿದ್ಧಾಂತದ ಮಾತನ್ನೇ ಅವನು ಎತ್ತುವುದಿಲ್ಲ. ಈ ನಗರದ ಆಡಂಬರವನ್ನು ನೋಡಿದರೆ ಈ ಪದವಿಯನ್ನು ಬಯಸುವವರು ಸರ್ವಶಕ್ತಿಯಿಂದ ಹೊಡೆದಾಡುವುದು ಸಹಜವೇ ಎಂಬುದು ಅವನ ತಾತ್ಪರ್ಯ. ಗೆದ್ದ ಮೇಲೆ ಕುಲೀನಸ್ತ್ರೀಯರ ಕಾಣಿಕೆಗಳಿಂದ ಐಶ್ವರ್ಯ, ಸಂಚಾರಕ್ಕೆ ರಥ, ನಾಜೂಕಿನ ಉಡುಪು, ರಾಜರ ಪಂಕ್ತಿಯನ್ನೂ ಮೀರಿಸುವ ಔತಣ—ಎಲ್ಲವೂ ನಿಶ್ಚಿತ. ಅನಂತರ ಅವನು ಇನ್ನೊಂದು ಮಾತನ್ನು ಸೇರಿಸಿರುವನು: ಪ್ರಾಂತ್ಯಗಳ ಕೆಲವು ಬಿಷಪ್ಪರು ಮಿತವಾದ ಅನ್ನಪಾನ, ಸಾದಾ ಬಟ್ಟೆ, ನೆಲವನ್ನು ನೋಡುವ ಕಣ್ಣು, ಇವುಗಳಿಂದ ದೇವರಿಗೂ ಭಕ್ತರಿಗೂ ಮೆಚ್ಚಿಗೆಯಾಗಿರುವಂತೆ ಇವರೂ ಬಾಳಿದ್ದರೆ ಸುಖಿಗಳಾಗುತ್ತಿದ್ದರು ಎಂದು. ಅನ್ಯಮತೀಯನಾದ ಈ ಯೋಧನು ಯಾಕೋಬನ ಪತ್ರಿಕೆಯನ್ನು ಓದಿದ್ದನೆಂದು ನಂಬಲು ಕಾರಣವಿಲ್ಲ. ಹೀಗಿದ್ದೂ ಮತದ ಒಳಗಿನ ಉಪದೇಶಕನೂ ಹೊರಗಿನ ಚರಿತ್ರಕಾರನೂ ಕಲಹಕ್ಕೆ ಒಂದೇ ಮೂಲವನ್ನು ಹೇಳಿರುವರು. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲದಿರುವುದೇ ಈ ಸಾಕ್ಷ್ಯದ ಬಲ.

ಹಾಗಾದರೆ ದಮಾಸಸನು ಭೋಗಲಂಪಟನೇ? ಹಾಗೆ ತೀರ್ಮಾನಿಸುವುದು ಸಾಹಸವಾದೀತು. ಅಮ್ಮಿಯಾನಸನು ಆಡಂಬರದ ಮಾತನ್ನು ಅವನೊಬ್ಬನ ಹೆಸರಿಗೆ ಕಟ್ಟಿಲ್ಲ. ಕುಲೀನಸ್ತ್ರೀಯರ ಕಿವಿಗೆ ಹಿತವನ್ನೂದುವವನೆಂದು ಶತ್ರುಗಳು ಅವನಿಗೆ ಅಡ್ಡಹೆಸರಿಟ್ಟಿದ್ದರು, ಅಡ್ಡಹೆಸರು ಪ್ರಮಾಣವಲ್ಲ. ರಕ್ತಸಾಕ್ಷಿಗಳ ಗೋರಿಗಳನ್ನು ಹುಡುಕಿಸಿ, ಅವುಗಳ ಮೇಲೆ ತಾನೇ ರಚಿಸಿದ ಪದ್ಯಗಳನ್ನು ಫಿಲೊಕಾಲಸನೆಂಬ ಲಿಪಿಕಾರನ ಸುಂದರಾಕ್ಷರಗಳಲ್ಲಿ ಕೆತ್ತಿಸಿದವನೂ, ಲ್ಯಾಟಿನ್ ಸುವಾರ್ತೆಗಳನ್ನು ತಿದ್ದಲು ಜೆರೋಮನನ್ನು ಪ್ರೇರಿಸಿದವನೂ ಇವನೇ. ಶಾಸನಾಭ್ಯಾಸಿಗಳು ಅವನಿಗೆ ಋಣಿಗಳು. ನನಗೆ ತೋರುವುದೇನೆಂದರೆ, ಆಶೆಯನ್ನು ಒಬ್ಬನ ಎದೆಯಲ್ಲಿ ಮಾತ್ರ ಹುಡುಕಬಾರದು. ಹಣಕ್ಕೆ ಬಂದ ರಥಿಕನ ಆಶೆ ಒಂದು. ತನ್ನವನು ಗೆದ್ದರೆ ತನಗೂ ಸ್ಥಾನವೆಂಬ ಡೀಕನನ ಆಶೆ ಒಂದು. ಆಣೆ ಮುರಿದವರ ಮೇಲೆ ಹಗೆ ತೀರಿಸಬೇಕೆಂಬ ಉರ್ಸಿನಸನ ಕಡೆಯವರ ಆಶೆ ಇನ್ನೊಂದು. ಅವರು ಇದನ್ನು ನಿಷ್ಠೆಯೆಂದು ಕರೆದರು, ಇವರು ಬಹುಮತವೆಂದು ಕರೆದರು. ಚಿಕ್ಕ ಚಿಕ್ಕ ಆಶೆಗಳೆಲ್ಲ ಧರ್ಮದ ಉಡುಪನ್ನುಟ್ಟು ಒಂದೇ ಬಾಗಿಲಲ್ಲಿ ಕಲೆತುವು.

೩೬೭ರಲ್ಲಿ ನಗರಾಧ್ಯಕ್ಷನಾದ ಪ್ರೆಟೆಕ್ಸ್ಟಾಟಸನು ಉರ್ಸಿನಸನನ್ನು ಹೊರಗಟ್ಟಿ ಶಾಂತಿಯನ್ನು ಸ್ಥಾಪಿಸಿದನು. ಈತನು ಹಳೆಯ ದೇವತೆಗಳ ಪರಮಭಕ್ತ. ತನ್ನನ್ನು ರೋಮಿನ ಬಿಷಪ್ಪನನ್ನಾಗಿ ಮಾಡಿದರೆ ತಾನು ಒಡನೆಯೇ ಕ್ರೈಸ್ತನಾಗುವೆನೆಂದು ಈತನು ದಮಾಸಸನೊಡನೆ ನಗೆಯಾಡುತ್ತಿದ್ದುದನ್ನು ಜೆರೋಮನೇ ಬರೆದಿಟ್ಟಿದ್ದಾನೆ. ಶತ್ರುವಿನ ದೂಷಣೆಯಲ್ಲದೆ ಸ್ವಪಕ್ಷದವನು ಉಳಿಸಿದ ಹಾಸ್ಯವಾದುದರಿಂದ ಇದಕ್ಕೆ ಬೆಲೆ ಹೆಚ್ಚು.

ಈಗ ಕಾರ್ನೀಲಿಯಸನ ಗಣತಿಯ ವಿಧವೆಯರ ಕಡೆಗೆ ತಿರುಗೋಣ. ೩೭೦ರಲ್ಲಿ ವ್ಯಾಲೆಂಟಿನಿಯನ್ ಚಕ್ರವರ್ತಿಯು ದಮಾಸಸನಿಗೇ ಸಂಬೋಧಿಸಿ ಒಂದು ಶಾಸನವನ್ನು ಕಳುಹಿಸಿದನು. ಜುಲೈ ೩೦ರಂದು ಅದನ್ನು ರೋಮಿನ ದೇವಮಂದಿರಗಳಲ್ಲಿ ಓದಿಸಲಾಯಿತು. ಸಭಾಸೇವಕರು ವಿಧವೆಯರ ಮನೆಗಳಿಗೂ ಅನಾಥಕನ್ಯೆಯರ ಮನೆಗಳಿಗೂ ಹೋಗಕೂಡದು. ಧರ್ಮದ ನೆಪದಿಂದ ಅಂತಹ ಸ್ತ್ರೀಯರನ್ನು ಸೇರಿ ಅವರಿಂದ ದಾನವನ್ನಾಗಲಿ ಮರಣಶಾಸನದ ಸ್ವತ್ತನ್ನಾಗಲಿ ಪಡೆಯಕೂಡದು. ೨೫೧ರಲ್ಲಿ ಸಭೆಯು ವಿಧವೆಯರಿಗೆ ಅನ್ನವನ್ನಿಕ್ಕುತ್ತಿತ್ತು. ೩೭೦ರಲ್ಲಿ ವಿಧವೆಯರ ಸ್ವತ್ತನ್ನು ಸಭೆಯ ಸೇವಕರಿಂದ ಕಾಪಾಡುವುದಕ್ಕೆ ರಾಜಶಾಸನವು ಬೇಕಾಯಿತು. ದೀನವಿಧವೆಯರ ಪೋಷಣೆ ಆಗಲೂ ನಿಂತಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಎರಡು ಲೇಖ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವನಿಗೆ ನಡುವಣ ನೂರಿಪ್ಪತ್ತು ವರ್ಷಗಳ ಚರಿತ್ರೆಗೆ ಬೇರೆ ಭಾಷ್ಯವು ಬೇಡ. ಪೂಜಾರಿಗಳೂ ನಟರೂ ಪಡೆಯಬಹುದಾದ ಆಸ್ತಿಯನ್ನು ಕ್ರೈಸ್ತಸೇವಕರು ಮಾತ್ರ ಪಡೆಯಲಾಗದಂತೆ ಆದುದನ್ನು ನೆನೆದು, ಶಾಸನವು ಹುಟ್ಟಿದ್ದಕ್ಕಲ್ಲ, ಅದಕ್ಕೆ ತಾವು ಅರ್ಹರಾದುದಕ್ಕೆ ತನಗೆ ದುಃಖವೆಂದು ಜೆರೋಮನು ಪತ್ರವೊಂದರಲ್ಲಿ ಬರೆದನು.

ದಮಾಸಸನು ೩೮೪ರ ಡಿಸೆಂಬರಿನಲ್ಲಿ ಕಾಲವಾದನು. ಮೂವತ್ತನಾಲ್ಕು ವರ್ಷಗಳ ಬಳಿಕ, ೪೧೮ರ ಡಿಸೆಂಬರಿನಲ್ಲಿ, ಬಿಷಪ್ ಝೋಸಿಮಸನು ತೀರಿಕೊಂಡಾಗ ಯೂಲೇಲಿಯಸ್ ಎಂಬವನು ತನ್ನ ಗುಂಪಿನೊಡನೆ ಲ್ಯಾಟರನ್ನನ್ನು ಸೇರಿ ಬಾಗಿಲುಗಳನ್ನು ಭದ್ರಪಡಿಸಿಕೊಂಡನು, ಉಳಿದವರು ಬೇರೊಂದು ಮಂದಿರದಲ್ಲಿ ಬೊನಿಫೇಸನನ್ನು ಆರಿಸಿದರು, ಇಬ್ಬರಿಗೂ ಅಭಿಷೇಕವಾಯಿತು. ಇದನ್ನು ಕುರಿತು ನಗರಾಧ್ಯಕ್ಷನೂ ಚಕ್ರವರ್ತಿ ಹೊನೋರಿಯಸನೂ ನಡೆಸಿದ ಪತ್ರವ್ಯವಹಾರವೂ ಆ ಅವೆಲ್ಲಾನ ಸಂಗ್ರಹದಲ್ಲಿಯೇ, ದಮಾಸಸ–ಉರ್ಸಿನಸರ ಕಲಹದ ಲೇಖ್ಯಗಳ ಅನಂತರ, ಉಳಿದುಬಂದಿದೆ.