14 ಸೇತುವೆ, 10 ವೀಕೆಂಡ್!

2010ರ ಆಗಸ್ಟ್. ಅಮೆರಿಕದ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ ಐ-93 ಹೆದ್ದಾರಿಯ ಸೇತುವೆಗೆ ದೊಡ್ಡ ತೂತು ಬಿತ್ತು. ದಿನಕ್ಕೆ ಸುಮಾರು ಎರಡು ಲಕ್ಷ ವಾಹನ ಓಡಾಡೋ ರಸ್ತೆ ವೀಕ್ಷಕರೇ, ಯೋಚನೆ ಮಾಡಿ! ಅಲ್ಲಿ ಹೀಗೆ ಹಳತಾಗಿದ್ದ ಸೇತುವೆಗಳು 14. ಮಾಮೂಲಿ ಪದ್ಧತಿಯಲ್ಲಾದರೆ ನಾಲ್ಕು ವರ್ಷದ ಕೆಲಸ. 2011ರ ಬೇಸಿಗೆಯಲ್ಲಿ ಹತ್ತೇ ವಾರಾಂತ್ಯದಲ್ಲಿ ಮುಗಿಸಿದ್ರು.

ಹೇಗೆ ಅಂತೀರಾ? ಹಳೇ ಕಂಬ ಉಳಿಸಿಕೊಂಡು ಮೇಲ್ಭಾಗ ಮಾತ್ರ ಬದಲಿಸಿದರು. ಹೊಸ ಭಾಗಗಳನ್ನು ಬೇರೆಡೆ ಮೊದಲೇ ತಯಾರಿಸಿಟ್ಟಿದ್ದರು. ನನಗೆ ಬೆರಗು ಹುಟ್ಟಿಸೋದು ಆ 55 ಗಂಟೆಗಳ ಗಡುವು. ಶುಕ್ರವಾರ ರಾತ್ರಿ ಹೆದ್ದಾರಿಯ ಒಂದು ಬದಿ ಬಂದ್; ಎರಡೂ ದಿಕ್ಕಿನ ವಾಹನಗಳು ಇನ್ನೊಂದು ಬದಿಗೆ. ಹಳೆಯದನ್ನು ಒಡೆದು, ಹೊಸದನ್ನು ಕ್ರೇನಿನಲ್ಲಿ ಕೂರಿಸಿ, ಸಂದುಗಳಿಗೆ ಬೇಗ ಗಟ್ಟಿಯಾಗೋ ಕಾಂಕ್ರೀಟ್ ಸುರಿಯೋದು. ಸೋಮವಾರ ಬೆಳಗ್ಗೆ ಆಫೀಸಿಗೆ ಹೊರಟವರು ಅದರ ಮೇಲೇ ಹೋಗುತ್ತಿದ್ದರು.