ಕೆಲಸಕ್ಕೆ ಮರಳಿದ ಮೇಲೂ ಎದೆಹಾಲು ಮುಂದುವರಿಸುವುದು ಹೇಗೆ?

ಹೆರಿಗೆ ರಜೆ ಮುಗಿಯುವ ವಾರದಲ್ಲಿ ಔಷಧ ಅಂಗಡಿಗೆ ಬರುವ ತಾಯಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸೋಮವಾರದಿಂದ ಆಫೀಸು, ಯಾವ ಪುಡಿ ಹಾಲು ಒಳ್ಳೆಯದು?" ಎದೆಹಾಲು ಕಡಿಮೆಯಾಗಿದೆಯೇ ಎಂದು ಕೇಳಿದರೆ, "ಇಲ್ಲ, ಸಾಕಷ್ಟಿದೆ. ಆದರೆ ಇನ್ನು ನಿಂತುಹೋಗುತ್ತಲ್ಲ" ಎನ್ನುತ್ತಾರೆ. ಕೌಂಟರಿನ ಈಚೆ ನಿಂತು ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆಫೀಸಿಗೆ ಹೋದ ಮಾತ್ರಕ್ಕೆ ಹಾಲು ನಿಲ್ಲುವುದಿಲ್ಲ. ಹೊತ್ತುಹೊತ್ತಿಗೆ ಎದೆಯಿಂದ ಹಾಲು ಹೊರಬರದಿದ್ದರೆ ಕಡಿಮೆಯಾಗುತ್ತದೆ.

ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ. ಮಗು ಚೀಪಿದಾಗ, ಅಥವಾ ಕೈಯಿಂದಲೋ ಪಂಪಿನಿಂದಲೋ ತೆಗೆದಾಗ, ಖಾಲಿಯಾದಷ್ಟೂ ಹೊಸದಾಗಿ ತಯಾರಾಗುತ್ತದೆ. ಹಾಲು ಬಹಳ ಹೊತ್ತು ಎದೆಯಲ್ಲೇ ಉಳಿದರೆ ಉತ್ಪಾದನೆ ತಾನಾಗಿಯೇ ನಿಧಾನವಾಗುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. ಹಗಲೆಲ್ಲ ಹೊರಗಿರುವ ತಾಯಿಗೆ ರಾತ್ರಿಯ ಹಾಲೂಡಿಕೆ ಅಷ್ಟು ಮುಖ್ಯವಾಗುವುದು ಇದಕ್ಕೇ.

ರಜೆಯ ಲೆಕ್ಕ

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಬಂತು. ಇದೇ ಸೌಲಭ್ಯಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ. ಮಗುವಿಗೆ ನಾಲ್ಕು ತಿಂಗಳು ತುಂಬಿದ ಸ್ವಲ್ಪದಲ್ಲೇ ಕೆಲಸಕ್ಕೆ ಹೋಗಬೇಕು. ಆದರೆ ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ನೀರೂ ಬೇಡ. ನಡುವಿನ ಈ ಎರಡು ತಿಂಗಳೇ ಕಷ್ಟದ ಕಾಲ. ಆರು ತಿಂಗಳು ತುಂಬಿ ಗಂಜಿ, ಮೆದು ಅನ್ನ ಶುರುವಾದ ಮೇಲೆ ಒತ್ತಡ ಇಳಿಯುತ್ತದೆ.

ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಹೆಚ್ಚುವರಿ ವಿರಾಮಗಳನ್ನು ಕಾನೂನು ಕೊಡುತ್ತದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಎಚ್‌ಆರ್‌ಗೆ ಇದನ್ನು ರಜೆ ಮುಗಿಯುವ ಮೊದಲೇ ಇಮೇಲಿನಲ್ಲಿ ಬರೆದು ಕೇಳಿ. ಹಾಲು ಹಿಂಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕೆಂದೂ ಸೇರಿಸಿ. ಶೌಚಾಲಯದಲ್ಲಿ ಕೂತು ಹಿಂಡಿ ಎನ್ನುವವರಿಗೆ, ತಮ್ಮ ಊಟದ ಡಬ್ಬಿಯನ್ನು ಅಲ್ಲಿ ತೆರೆಯುತ್ತಾರೆಯೇ ಎಂದು ಕೇಳಬೇಕು.

ಎಷ್ಟು ಹಾಲು ಬೇಕು?

ಫ್ರೀಜರ್ ತುಂಬ ಹಾಲು ಕೂಡಿಡಬೇಕೆಂದು ಹೆದರಬೇಡಿ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸುಮಾರು 750 ಮಿಲಿ ಹಾಲು ಕುಡಿಯುತ್ತದೆ. ಎಂದರೆ ನೀವಿಲ್ಲದ ಪ್ರತಿ ಗಂಟೆಗೆ 30 ಮಿಲಿ ಸಾಕು. ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್‌ನಲ್ಲಿ ಹೋಗಿಬರುವವರು ಪ್ರಯಾಣ ಸೇರಿ 11 ಗಂಟೆ ಹೊರಗಿದ್ದರೆ 330 ಮಿಲಿ ಆಯಿತು. ಹೊರಡುವ ಮೊದಲು ಒಮ್ಮೆ, ಬಂದ ತಕ್ಷಣ ಒಮ್ಮೆ ಎದೆಗೇ ಹಾಕಿಕೊಂಡರೆ ಇದರಲ್ಲೂ ಸ್ವಲ್ಪ ಉಳಿಯುತ್ತದೆ.

ಕೆಲಸ ಶುರುವಾಗುವ ಎರಡು ವಾರ ಮೊದಲೇ, ಬೆಳಗಿನ ಮೊದಲ ಹಾಲೂಡಿಕೆಯ ನಂತರ ದಿನಕ್ಕೊಮ್ಮೆ ಹಿಂಡಿ ಅಭ್ಯಾಸ ಮಾಡಿ. ಮೊದಲ ದಿನ ಒಂದೆರಡು ಚಮಚ ಬಂದರೂ ಸರಿ. ಪಂಪು ಕಡ್ಡಾಯವಲ್ಲ. ಕೈ ತೊಳೆದು, ಮೊಲೆತೊಟ್ಟಿನಿಂದ ಒಂದು ಇಂಚು ಹಿಂದೆ ಹೆಬ್ಬೆರಳು ಮತ್ತು ತೋರುಬೆರಳಿಟ್ಟು, ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದರೆ ಹಾಲು ಬರುತ್ತದೆ. ತೊಟ್ಟನ್ನೇ ಹಿಂಡಿದರೆ ನೋವಷ್ಟೇ. ಕೆಲಸದಲ್ಲಿ ಮೂರು ಗಂಟೆಗೊಮ್ಮೆ 15–20 ನಿಮಿಷ ತೆಗೆಯಿರಿ. ಫ್ರಿಜ್ಜಿಲ್ಲ, ಇಡಲು ಜಾಗವಿಲ್ಲ ಎಂದರೆ ಚೆಲ್ಲಿದರೂ ಪರವಾಗಿಲ್ಲ, ತೆಗೆಯುವುದನ್ನು ಬಿಡಬೇಡಿ. ಮನೆಗೆಲಸ, ಕಟ್ಟಡ ಕೆಲಸಕ್ಕೆ ಹೋಗುವ ತಾಯಂದಿರಿಗೆ ವಿರಾಮದ ಕಾನೂನು ತಲುಪುವುದು ಅಪರೂಪ, ಆದರೆ ಈ ಉಪಾಯ ಅವರಿಗೂ ಒದಗುತ್ತದೆ.

ಹಾಲನ್ನು ಇಡುವುದು, ಕುಡಿಸುವುದು

25 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ ಹಿಂಡಿದ ಹಾಲು 4 ಗಂಟೆ ಇರುತ್ತದೆ. ಚೆನ್ನೈ, ಹೈದರಾಬಾದಿನ ಮೇ ತಿಂಗಳಿಗೆ ಈ ಲೆಕ್ಕ ಹಿಡಿಯಬೇಡಿ, ತೆಗೆದ ಕೂಡಲೇ ತಂಪಿಗಿಡಿ. ಫ್ರಿಜ್ಜಿನ ಹಿಂಭಾಗದಲ್ಲಿ 4 ದಿನ ಇಡಬಹುದು ಎನ್ನುತ್ತಾರೆ. ಬಾಗಿಲು ಪದೇಪದೇ ತೆರೆಯುವ, ಕರೆಂಟು ಹೋಗಿಬರುವ ನಮ್ಮ ಮನೆಗಳಲ್ಲಿ 24 ಗಂಟೆಯೊಳಗೆ ಮುಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಂದು ದಿನ ಕೆಡುವುದಿಲ್ಲ, ಆದ್ದರಿಂದ ಆಫೀಸಿನ ಹಾಲು ಸಂಜೆಯ ರೈಲಿನಲ್ಲಿ ಮನೆ ಸೇರಬಹುದು. ಅದೇ ಮರುದಿನದ ಪಾಲು.

ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಮೂರು ವಿಷಯ ಮೊದಲೇ ಹೇಳಿಡಿ. ಫ್ರಿಜ್ಜಿನಲ್ಲಿಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ. ಅದು ಒಡೆದ ಹಾಲಲ್ಲ, ಮೆಲ್ಲಗೆ ಆಡಿಸಿದರೆ ಕೂಡಿಕೊಳ್ಳುತ್ತದೆ. ಹಸುವಿನ ಹಾಲಿನಂತೆ ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವ್ ಕೂಡ ಬೇಡ, ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಇಟ್ಟರೆ ಸಾಕು. ಮಗು ಕುಡಿದು ಬಿಟ್ಟ ಹಾಲನ್ನು 2 ಗಂಟೆಯ ಮೇಲೆ ಇಡಬಾರದು. ಅದಕ್ಕೇ ಒಂದೊಂದು ಡಬ್ಬಿಯಲ್ಲಿ 60 ಮಿಲಿಯಷ್ಟೇ ಹಾಕಿ.

ಬಾಟಲಿಯ ಬದಲು ಒಳಲೆಯಲ್ಲಿ ಕುಡಿಸಿ. ಚೆನ್ನೈಯಲ್ಲಿ ಪಾಲಾಡೈ ಎಂದು ಕೇಳಿದರೆ ಸಿಗುತ್ತದೆ. ಸಣ್ಣ ಲೋಟ, ಚಮಚವೂ ಆದೀತು. ತೊಳೆಯುವುದು ಸುಲಭ, ಮಗುವಿಗೆ ಬಾಟಲಿಯ ನಿಪ್ಪಲ್ ಅಭ್ಯಾಸವಾಗಿ ಎದೆ ಬೇಡವೆನ್ನುವ ಭಯವೂ ಇರುವುದಿಲ್ಲ. ಎಷ್ಟೋ ಮಕ್ಕಳು ಹಗಲು ಕಡಿಮೆ ಕುಡಿದು ರಾತ್ರಿ ಅಮ್ಮನ ಬಳಿ ಸರಿಮಾಡಿಕೊಳ್ಳುತ್ತವೆ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ.

ಔಷಧಗಳ ಬಗ್ಗೆ

ಹಾಲು ಕಡಿಮೆಯಾದಾಗ ಎಲ್ಲರೂ ಆಫೀಸನ್ನು ದೂರುತ್ತಾರೆ, ಮಾತ್ರೆಯ ನೆನಪು ಯಾರಿಗೂ ಬರುವುದಿಲ್ಲ. ಮೂಗು ಕಟ್ಟಿದ್ದಕ್ಕೆ ನುಂಗುವ ಸುಡೋಎಫೆಡ್ರಿನ್ ಇರುವ ಮಾತ್ರೆ ಹಾಲನ್ನು ಕಡಿಮೆ ಮಾಡುತ್ತದೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ಕಡಿಮೆಯಾಗಬಹುದು. ಬದಲಿಗೆ ಹಾರ್ಮೋನು ರಹಿತ 'ಛಾಯಾ' ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧವಿದು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಉಲ್ಟಾ ತಪ್ಪೂ ನಡೆಯುತ್ತದೆ. ಜ್ವರದ ಮಾತ್ರೆ ತೆಗೆದುಕೊಂಡೆನೆಂದು ಎರಡು ದಿನ ಹಾಲು ಕೊಡದೆ ಇರುವವರಿದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಸಾಮಾನ್ಯ ಪ್ರಮಾಣದಲ್ಲಿ ಹಾಲೂಡುವವರಿಗೆ ಸುರಕ್ಷಿತ, ಹೆಚ್ಚಿನ ಆ್ಯಂಟಿಬಯಾಟಿಕ್‌ಗಳೂ ಹಾಗೆಯೇ. ಕ್ಯಾನ್ಸರ್ ಔಷಧ, ವಿಕಿರಣಶೀಲ ಅಯೋಡಿನ್‌ನಂಥ ಕೆಲವಕ್ಕೆ ಮಾತ್ರ ಹಾಲು ನಿಲ್ಲಿಸಬೇಕಾಗುತ್ತದೆ. ಕೋಡೀನ್ ಇರುವ ಕೆಮ್ಮಿನ ಸಿರಪ್ ಬೇಡ. ಹಾಲು ಹೆಚ್ಚಲೆಂದು ಡೊಂಪೆರಿಡೋನ್ ಮಾತ್ರೆಯನ್ನು ಚೀಟಿಯಿಲ್ಲದೆ ಕೇಳಬೇಡಿ, ಕೆಲವರಲ್ಲಿ ಅದು ಹೃದಯದ ಬಡಿತದ ಲಯ ತಪ್ಪಿಸುತ್ತದೆ.

ಎದೆಯಲ್ಲಿ ಗಟ್ಟಿ ಗಂಟು, ಕೆಂಪು, ಜ್ವರ ಕಂಡರೆ ಆ ಬದಿಯಲ್ಲೂ ಹಾಲೂಡಿಸುತ್ತಲೇ ಇರಿ. ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಯಾವ ಔಷಧ ಬರೆಸಿಕೊಳ್ಳುವಾಗಲೂ, ಕೊಳ್ಳುವಾಗಲೂ "ನಾನು ಹಾಲೂಡಿಸುತ್ತಿದ್ದೇನೆ, ಮಗುವಿಗೆ ಇಷ್ಟು ತಿಂಗಳು" ಎಂದು ಮೊದಲೇ ಹೇಳಿ. ಕೌಂಟರಿನಲ್ಲಿ ನಾವಾಗಿ ಕೇಳಬೇಕಾದ ಪ್ರಶ್ನೆ ಅದು. ಗದ್ದಲದಲ್ಲಿ ಎಷ್ಟೋ ಸಲ ಮರೆತುಹೋಗುತ್ತದೆ.