ತಪ್ಪಿನಿಂದ ತಿಳಿವಿಗೆ ಎಷ್ಟು ದೂರ? – ಪ್ರೋಗ್ರಾಮರನ ಕೆಲಸದ ಮೇಜಿನ ಕಥೆ



ಗಣಕಕ್ಕೆ ಬರೆದ ಪ್ರೋಗ್ರಾಮಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಅದರ ಬೆಲೆ ಎಷ್ಟು? 1960ರ ದಶಕದಲ್ಲಿ ಅನೇಕ ಕಡೆ ಅದರ ಬೆಲೆ ಒಂದು ಇಡೀ ದಿನ. 1980ರ ದಶಕದಲ್ಲಿ ಕೆಲವು ಸೆಕೆಂಡು. ಇಂದು ಬೆರಳು ಕೀಲಿಯಿಂದ ಮೇಲೇಳುವ ಮೊದಲೇ ಪರದೆಯ ಮೇಲೆ ಕೆಂಪು ಗೆರೆ ಮೂಡಿ "ಇಲ್ಲಿ ತಪ್ಪಿದೆ" ಎಂದು ತೋರಿಸುತ್ತದೆ. ತಪ್ಪು ಮಾಡಿದ ಗಳಿಗೆಗೂ ಅದು ತಿಳಿದುಬರುವ ಗಳಿಗೆಗೂ ನಡುವಿನ ದೂರ ಹೇಗೆ ಕಡಿಮೆಯಾಯಿತು, ಅದರಿಂದ ದೊರೆತದ್ದೇನು, ಕಳೆದುಹೋದದ್ದೇನು ಎಂಬುದೇ ಈ ಲೇಖನದ ವಿಷಯ.

ಪ್ರೋಗ್ರಾಮು ಬರೆಯುವವರು ದಿನವಿಡೀ ಬಳಸುವ ಸಾಧನಕ್ಕೆ ಇಂಟಿಗ್ರೇಟೆಡ್ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್, ಚುಟುಕಾಗಿ ಐ.ಡಿ.ಇ. ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಸಮಗ್ರ ತಂತ್ರಾಂಶ ರಚನಾ ಪರಿಸರ' ಎನ್ನಬಹುದು. ಹೆಸರು ದೊಡ್ಡದಾದರೂ ಅರ್ಥ ಸರಳ. ಬರೆಯಲು ಎಡಿಟರ್, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲರ್, ತಿರುಗಿಸಿದ ತುಂಡುಗಳನ್ನು ಒಂದುಗೂಡಿಸಲು ಲಿಂಕರ್, ದೋಷ ಹುಡುಕಲು ಡಿಬಗರ್ – ಈ ನಾಲ್ಕನ್ನೂ ಒಂದೇ ಸೂರಿನಡಿ ಕೂರಿಸಿದ ವ್ಯವಸ್ಥೆ ಇದು. ಬಡಗಿಯ ಉಳಿ, ಗರಗಸ, ತೋಪಡ ಮೂರು ಮನೆಗಳಲ್ಲಿದ್ದರೆ ಕೆಲಸ ಹೇಗಿರುತ್ತಿತ್ತೆಂದು ಊಹಿಸಿಕೊಳ್ಳಿ. ಪ್ರೋಗ್ರಾಮರನ ಹಿಂದಿನ ಸ್ಥಿತಿ ಹಾಗೆಯೇ ಇತ್ತು.

ಕಾರ್ಡಿನ ಕಟ್ಟಿನ ಕಾಲ

ಮೊದಲಿಗೆ ಪ್ರೋಗ್ರಾಮು ಇರುತ್ತಿದ್ದುದು ರಟ್ಟಿನ ಕಾರ್ಡುಗಳಲ್ಲಿ. ಒಂದು ಕಾರ್ಡಿಗೆ 80 ಕಂಬಸಾಲು, ಒಂದು ಕಾರ್ಡಿಗೆ ಪ್ರೋಗ್ರಾಮಿನ ಒಂದು ಸಾಲು. 1957ರಲ್ಲಿ ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ 7ರಿಂದ 72ರವರೆಗಿನ ಸಾಲುಗಳು ಮಾತ್ರ ಆದೇಶಕ್ಕೆ ಮೀಸಲು. 73ರಿಂದ 80ರವರೆಗೆ ಕಾರ್ಡಿನ ಕ್ರಮಸಂಖ್ಯೆ ಹಾಕಬಹುದಿತ್ತು. ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಜೋಡಿಸಬೇಕಲ್ಲ! ಕೆಲವರು ಕಟ್ಟಿನ ಮೇಲಂಚಿಗೆ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಗೆರೆ ಮುರಿದಿದ್ದರೆ ಕ್ರಮ ತಪ್ಪಿದೆ ಎಂದರ್ಥ.

ನಮ್ಮ ದೇಶದಲ್ಲಿ 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಗಣಕ ಬಂದಾಗ ಅಲ್ಲಿಯ ವಿದ್ಯಾರ್ಥಿಗಳು ಕಲಿತದ್ದೂ ಇದೇ ಕಾರ್ಡುಗಳಿಂದ. ದೊಡ್ಡ ಗಣಕ ಕೇಂದ್ರಗಳಲ್ಲಿ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು. ಸರದಿ ಬಂದಾಗ ಯಂತ್ರ ಅದನ್ನು ಓದುತ್ತದೆ. ಉತ್ತರ ಮುದ್ರಿತ ಹಾಳೆಯಾಗಿ ಹಲವು ಗಂಟೆಗಳ ನಂತರ, ಇಲ್ಲವೇ ಮರುದಿನ ಕೈಸೇರುತ್ತದೆ. ಹಾಳೆಯಲ್ಲಿ "12ನೇ ಸಾಲಿನಲ್ಲಿ ದೋಷ" ಎಂದಷ್ಟೇ ಇದ್ದರೆ ಆ ದಿನ ಹೋಯಿತು. ಹೀಗಾಗಿ ಕಟ್ಟು ಕೊಡುವ ಮೊದಲು ಪ್ರತಿ ಸಾಲನ್ನೂ ಮೇಜಿನ ಮುಂದೆ ಕುಳಿತು, ತಾನೇ ಯಂತ್ರವಾಗಿ ಲೆಕ್ಕ ಹಾಕಿ ನೋಡುವ ಅಭ್ಯಾಸ ಬೆಳೆಯಿತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಳಗಿನ ಜಾವದ ನಾಲ್ಕು ಗಂಟೆ

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರಿದ್ದರು. ಗಣಕ ವಿಜ್ಞಾನಿಗಳಷ್ಟೇ ಅಲ್ಲ, ಸಾಹಿತ್ಯ, ಇತಿಹಾಸ ಓದುವ ವಿದ್ಯಾರ್ಥಿಯೂ ಗಣಕ ಬಳಸುವಂತಾಗಬೇಕು ಎಂಬುದು ಅವರ ಆಸೆ. ಅದಕ್ಕಾಗಿ ಬೇಸಿಕ್ ಎಂಬ ಸುಲಭ ಭಾಷೆಯನ್ನೂ, ಒಂದೇ ಗಣಕದ ಸಮಯವನ್ನು ಹಲವರಿಗೆ ಚೂರುಚೂರಾಗಿ ಹಂಚುವ ವ್ಯವಸ್ಥೆಯನ್ನೂ ರೂಪಿಸಿದರು. 1964ರ ಮೇ 1ರಂದು ಬೆಳಗಿನ ಜಾವ 4 ಗಂಟೆಗೆ ಅದು ಮೊದಲ ಬಾರಿ ಕೆಲಸ ಮಾಡಿತು.

ಇಲ್ಲಿ ಭಾಷೆಗಿಂತ ನಾವು ಗಮನಿಸಬೇಕಾದದ್ದು ಕೆಲಸದ ರೀತಿಯನ್ನು. ವಿದ್ಯಾರ್ಥಿ ಟೆಲಿಪ್ರಿಂಟರಿನ ಮುಂದೆ ಕುಳಿತು ಸಾಲುಗಳನ್ನು ಬೆರಳಚ್ಚು ಮಾಡುತ್ತಾನೆ. 'ಲಿಸ್ಟ್' ಎಂದರೆ ಬರೆದದ್ದು ಮುದ್ರಿತವಾಗುತ್ತದೆ. 'ರನ್' ಎಂದರೆ ಓಡುತ್ತದೆ. ತಪ್ಪಿದ್ದರೆ ಆ ಸಾಲಿನ ಸಂಖ್ಯೆಯನ್ನೇ ಮತ್ತೆ ಹಾಕಿ ಹೊಸದಾಗಿ ಬರೆದರೆ ಹಳೆಯದು ಅಳಿಯುತ್ತದೆ. ಬರೆಯುವುದು, ಓಡಿಸುವುದು, ತಿದ್ದುವುದು – ಮೂರೂ ಒಂದೇ ಕುರ್ಚಿಯಲ್ಲಿ. ಐ.ಡಿ.ಇ.ಯ ಬೀಜ ಬಿದ್ದದ್ದು ಇಲ್ಲಿಯೇ.

1970ರ ದಶಕದಲ್ಲಿ ಈ ಬೀಜ ಬೇರೆ ಬೇರೆ ಕಡೆ ಮೊಳೆಯಿತು. 1975ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಸಾಫ್ಟ್‌ಲ್ಯಾಬ್ ಸಂಸ್ಥೆ, ಕಾರ್ಡು ಬಿಟ್ಟು ನೇರವಾಗಿ ಪರದೆಯ ಮುಂದೆ ಕುಳಿತು ಕೆಲಸ ಮಾಡುವ ವ್ಯವಸ್ಥೆಯೊಂದನ್ನು ತಯಾರಿಸಿತು. ಮುಂದೆ ಅದು ಮಾಯೆಸ್ಟ್ರೋ ಎಂದು ಹೆಸರಾಯಿತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಾಲ್ಸ್ ಮೊದಲಾದವರು ಸ್ಮಾಲ್‌ಟಾಕ್ ಭಾಷೆಯೊಂದಿಗೆ ಕಿಟಕಿಗಳು, ಮೌಸು, ಪ್ರೋಗ್ರಾಮಿನ ಭಾಗಗಳನ್ನು ತೆರೆದು ನೋಡುವ ಬ್ರೌಸರ್, ಓಡುತ್ತಿರುವಾಗಲೇ ನಿಲ್ಲಿಸಿ ಪರೀಕ್ಷಿಸುವ ಡಿಬಗರ್ ಎಲ್ಲವನ್ನೂ ಹೆಣೆದರು. ಆದರೆ ಇವೆಲ್ಲ ದುಬಾರಿ ಯಂತ್ರಗಳ ಮಾತು. ಸಾಮಾನ್ಯರ ಮೇಜಿಗೆ ಇದು ಬರಲು ಇನ್ನೂ ಕಾಲವಿತ್ತು.

ಐವತ್ತು ಡಾಲರಿನ ಕ್ರಾಂತಿ

1980ರ ದಶಕದ ಆರಂಭದಲ್ಲಿ ಮನೆಗೂ ಕಚೇರಿಗೂ ಪುಟ್ಟ ಗಣಕಗಳು ಬಂದವು. ಆದರೆ ಅವುಗಳ ಮೇಲೆ ಪ್ರೋಗ್ರಾಮು ಬರೆಯುವುದು ಪ್ರಯಾಸದ ಕೆಲಸ. ಫ್ಲಾಪಿಯಿಂದ ಎಡಿಟರ್ ಎತ್ತಿಕೊಂಡು ಬರೆದು, ಉಳಿಸಿ, ಹೊರಬರಬೇಕು. ಕಂಪೈಲರಿನ ಫ್ಲಾಪಿ ಹಾಕಬೇಕು. ಆಮೇಲೆ ಲಿಂಕರ್. ದೋಷ ಕಂಡರೆ ಸಾಲಿನ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಮತ್ತೆ ಮೊದಲಿನಿಂದ! ಕಂಪೈಲರಿನ ಬೆಲೆಯೋ, ನೂರಾರು ಡಾಲರ್.

1983ರ ನವೆಂಬರಿನಲ್ಲಿ ಬೋರ್ಲ್ಯಾಂಡ್ ಎಂಬ ಸಂಸ್ಥೆ 49.95 ಡಾಲರಿಗೆ ಟರ್ಬೊ ಪ್ಯಾಸ್ಕಲ್ ಮಾರಲಾರಂಭಿಸಿತು. ಇದರ ಕಂಪೈಲರನ್ನು ಬರೆದವರು ಡೆನ್ಮಾರ್ಕಿನ ತರುಣ ಆಂಡರ್ಸ್ ಹೈಲ್ಸ್‌ಬರ್ಗ್. ಎಡಿಟರ್ ಮತ್ತು ಕಂಪೈಲರ್ ಎರಡೂ ಒಂದೇ ಕಡತದಲ್ಲಿ, ಒಟ್ಟಿಗೇ ಗಣಕದ ಸ್ಮೃತಿಯಲ್ಲಿ ಕುಳಿತಿರುತ್ತಿದ್ದವು. ಅದರ 3.02ನೇ ಆವೃತ್ತಿಯಲ್ಲಿ ಆ ಕಡತದ ಗಾತ್ರ 39,731 ಬೈಟು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರದೊಳಗೆ ಅಂಥ ಹತ್ತಾರು ಕಂಪೈಲರುಗಳು ಹಿಡಿಸುತ್ತವೆ! ದೋಷ ಕಂಡೊಡನೆ ಕಂಪೈಲರ್ ನಿಂತು, ಎಡಿಟರಿನಲ್ಲಿ ಆ ಜಾಗಕ್ಕೇ ಕರೆದೊಯ್ಯುತ್ತಿತ್ತು. ಹೀಗೆ ಒಂದು ದಿನದ ದೂರ ಕೆಲವು ಸೆಕೆಂಡಿಗೆ ಇಳಿಯಿತು. 1987ರಲ್ಲಿ ಇದೇ ಸಂಸ್ಥೆಯಿಂದ ಟರ್ಬೊ ಸಿ ಬಂದಿತು.

ನೀಲಿ ಪರದೆಯ ಮುಂದೆ

ಈ ಟರ್ಬೊ ಸಿ ಭಾರತದ ಕಾಲೇಜುಗಳಲ್ಲಿ ಬೇರೂರಿದಷ್ಟು ಗಟ್ಟಿಯಾಗಿ ಇನ್ನಾವ ಐ.ಡಿ.ಇ.ಯೂ ಬೇರೂರಲಿಲ್ಲವೇನೋ. ನಾನು ಬಿ.ಎಸ್‌ಸಿ. ಓದಿದ್ದು ಈ ಶತಮಾನದ ಆರಂಭದಲ್ಲಿ. ಪ್ರಯೋಗಾಲಯದಲ್ಲಿ ಒಂದು ಗಣಕಕ್ಕೆ ಇಬ್ಬರು. ನೀಲಿ ಪರದೆ, ಹಳದಿ ಅಕ್ಷರ. ಉಳಿಸಲು ಎಫ್2, ಓಡಿಸಲು ಕಂಟ್ರೋಲ್ ಎಫ್9, ಉತ್ತರ ನೋಡಲು ಆಲ್ಟ್ ಎಫ್5. ಒಂದು ದಿನ ಮುಕ್ಕಾಲು ಗಂಟೆ ಬರೆದ ಪ್ರೋಗ್ರಾಮನ್ನು ಉಳಿಸದೇ ಓಡಿಸಿದೆ. ಅದು ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡು ಗಣಕ ಕಲ್ಲಾಯಿತು. "ಮೊದಲು ಎಫ್2, ಆಮೇಲೆ ಧೈರ್ಯ" ಎಂದು ನಮ್ಮ ಮೇಷ್ಟ್ರು ನಕ್ಕರು. ಪ್ರತಿ ಸಲ ಉಳಿಸುವ ಅಭ್ಯಾಸ ನನಗೆ ಅಂದಿನಿಂದ.

ಇನ್ನೊಂದು ದಿನ ಕ್ರಮಗುಣಿತ ಅಂದರೆ ಫ್ಯಾಕ್ಟೋರಿಯಲ್ ಲೆಕ್ಕ. 7ರ ಕ್ರಮಗುಣಿತ 5040 ಎಂದು ಸರಿಯಾಗಿ ಬಂತು. 8ರದ್ದು 40320 ಆಗಬೇಕು. ಪರದೆಯ ಮೇಲೆ ಬಂದದ್ದು –25216! ಐ.ಡಿ.ಇ. ಒಂದು ದೋಷವನ್ನೂ ತೋರಿಸಲಿಲ್ಲ. ಕಾರಣವಿಷ್ಟೆ: ಅಲ್ಲಿ ಪೂರ್ಣಾಂಕಕ್ಕೆ ಸಿಗುತ್ತಿದ್ದುದು 16 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಅದನ್ನು ಮೀರಿದರೆ ಗಡಿಯಾರದ ಮುಳ್ಳಿನಂತೆ ಸುತ್ತಿಬಂದು ಋಣ ಸಂಖ್ಯೆಯಾಗುತ್ತದೆ. 40320ರಿಂದ 65536 ಕಳೆಯಿರಿ, ನಿಮಗೂ ಅದೇ ಉತ್ತರ ಬರುತ್ತದೆ. ಭಾಷೆಯ ದೋಷವನ್ನು ಸಾಧನ ಹಿಡಿಯಬಲ್ಲದು, ತಿಳಿವಳಿಕೆಯ ದೋಷವನ್ನು ಅದೊಂದೇ ಹಿಡಿಯಲಾರದು ಎಂಬುದು ನಮಗೆ ಅಂದು ಗೊತ್ತಾಯಿತು.

ಎರಡು ಅಕ್ಷರ, ಎರಡು ದಿನ

ನನ್ನ ಜೊತೆ ಅದೇ ಗಣಕದ ಮುಂದೆ ಕೂರುತ್ತಿದ್ದ ಗೆಳೆಯ ಪದವಿಯ ನಂತರ ಬೆಂಗಳೂರಿನ ತಂತ್ರಾಂಶ ಕಂಪನಿಯೊಂದಕ್ಕೆ ಸೇರಿದ. ಆರು ತಿಂಗಳ ಪರೀಕ್ಷಾ ಅವಧಿ. ಮನೆಯಲ್ಲಿ ಅವನ ಸಂಬಳಕ್ಕಾಗಿ ಕಾಯುವವರಿದ್ದರು. ಅವನಿಗೆ ಕೊಟ್ಟದ್ದು ಯೂನಿಕ್ಸ್ ಗಣಕ. ನೀಲಿ ಪರದೆಯಿಲ್ಲ, ಎಫ್9 ಇಲ್ಲ. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗೆರೆ ಅಷ್ಟೆ. ವರ್ಗಮೂಲ ಕಂಡುಹಿಡಿಯುವ ಒಂದು ಸಣ್ಣ ಪ್ರೋಗ್ರಾಮು. ಕಾಲೇಜಿನಲ್ಲಿ ಹತ್ತು ಸಲ ಮಾಡಿದ್ದೇ. ಇಲ್ಲಿ ಮಾತ್ರ "ವರ್ಗಮೂಲದ ಫಂಕ್ಷನ್ ಸಿಗಲಿಲ್ಲ" ಎಂದು ಯಂತ್ರ ಹಟ ಹಿಡಿಯಿತು. ಎರಡು ದಿನ ಅವನು ಪ್ರೋಗ್ರಾಮಿನ ಕಾಗುಣಿತವನ್ನೇ ತಿದ್ದುತ್ತ ಕುಳಿತ.

ಮೂರನೆಯ ದಿನ ತಂಡದ ಹಿರಿಯ ಮಹಿಳೆಯೊಬ್ಬರು ಬಂದು, "ನಿಮ್ಮದು ಕಂಪೈಲ್ ಆಗ್ತಿಲ್ವೋ, ಲಿಂಕ್ ಆಗ್ತಿಲ್ವೋ?" ಎಂದು ಕೇಳಿದರಂತೆ. ಅವೆರಡೂ ಬೇರೆ ಬೇರೆ ಎಂಬುದೇ ಇವನ ಅರಿವಿನಲ್ಲಿರಲಿಲ್ಲ. ಟರ್ಬೊ ಸಿ ಗಣಿತದ ಭಂಡಾರವನ್ನು ಕೇಳದೆಯೇ ಜೋಡಿಸಿಕೊಡುತ್ತಿತ್ತು. ಯೂನಿಕ್ಸಿನಲ್ಲಿ ಅದನ್ನು ನಾವೇ ಹೇಳಬೇಕು. ಆದೇಶದ ಕೊನೆಯಲ್ಲಿ ಒಂದು ಅಡ್ಡಗೆರೆ, ಅದರ ಮುಂದೆ ಎಲ್ ಮತ್ತು ಎಂ ಎಂಬ ಎರಡು ಅಕ್ಷರ. ಅಷ್ಟು ಸೇರಿಸಿದೊಡನೆ ಪ್ರೋಗ್ರಾಮು ಓಡಿತು. "ಕೆಲಸ ಹೋಗುತ್ತೆ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ ಕಣೋ. ಗೊತ್ತಿಲ್ಲದ್ದು ಏನು ಅನ್ನೋದೇ ಗೊತ್ತಿರಲಿಲ್ಲ" ಎಂದು ಅವನು ಈಗಲೂ ಹೇಳುತ್ತಾನೆ.

ಪರದೆ ತಾನೇ ಮಾತನಾಡತೊಡಗಿತು

ಅಷ್ಟರಲ್ಲಿ ಐ.ಡಿ.ಇ. ಬಹಳ ಮುಂದೆ ಹೋಗಿತ್ತು. 1991ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುವಲ್ ಬೇಸಿಕ್‌ನಲ್ಲಿ ಗುಂಡಿ, ಪೆಟ್ಟಿಗೆಗಳನ್ನು ಪರದೆಯ ಮೇಲೆ ಚಿತ್ರದಂತೆ ಇಟ್ಟು, ಅವುಗಳ ಹಿಂದೆ ಆದೇಶ ಬರೆಯಬಹುದಾಗಿತ್ತು. 1990ರ ದಶಕದ ಉತ್ತರಾರ್ಧದಲ್ಲಿ, ಹೆಸರಿನ ಮುಂದೆ ಚುಕ್ಕಿ ಇಟ್ಟೊಡನೆ ಮುಂದೇನು ಬರಬಹುದೆಂಬ ಪಟ್ಟಿ ತಾನೇ ಇಳಿಯತೊಡಗಿತು. 2001ರಲ್ಲಿ ಐ.ಬಿ.ಎಂ. ಎಕ್ಲಿಪ್ಸ್ ಐ.ಡಿ.ಇ.ಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಒಂದು ಹೆಸರನ್ನು ಬದಲಿಸಿದರೆ ಸಾವಿರಾರು ಕಡತಗಳಲ್ಲಿ ಅದು ತಾನೇ ಬದಲಾಗುವ ಸೌಲಭ್ಯ ಜಾವಾ ಬರೆಯುವವರಿಗೆ ದಿನನಿತ್ಯದ ಮಾತಾಯಿತು. ಆದರೆ ಇಂಥ ಭಾರಿ ಐ.ಡಿ.ಇ.ಗಳಿಗೆ ಸ್ಮೃತಿಯೂ ಹೆಚ್ಚು ಬೇಕು. ಬೆಳಿಗ್ಗೆ ಅದನ್ನು ತೆರೆದು ಕಾಫಿಗೆ ಹೋಗಿಬರುವುದು ಕಚೇರಿಗಳಲ್ಲಿ ತಮಾಷೆಯ ಮಾತಾಗಿತ್ತು. ಕಾಯುವಿಕೆ ಹೋಗಲಿಲ್ಲ, ಜಾಗ ಬದಲಿಸಿತು.

2015ರಲ್ಲಿ ಬಂದ ವಿಷುವಲ್ ಸ್ಟುಡಿಯೋ ಕೋಡ್ ಹಗುರವಾದ ಎಡಿಟರಿಗೆ ಬೇಕಾದ ಅಂಗಗಳನ್ನು ಜೋಡಿಸಿಕೊಳ್ಳುವ ದಾರಿ ಹಿಡಿಯಿತು. ಎಕ್ಲಿಪ್ಸ್‌ನ ಶಿಲ್ಪಿಗಳಲ್ಲಿ ಒಬ್ಬರಾದ ಎರಿಕ್ ಗಾಮ ಇದರ ತಂಡಕ್ಕೂ ಮುಂದಾಳಾಗಿದ್ದರು. ಅದನ್ನು ಬರೆದಿರುವುದು ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ. ಆ ಭಾಷೆಯ ಹಿಂದಿರುವವರು ಟರ್ಬೊ ಪ್ಯಾಸ್ಕಲ್‌ನ ಅದೇ ಹೈಲ್ಸ್‌ಬರ್ಗ್! 2016ರಲ್ಲಿ ಎಡಿಟರಿಗೂ ಭಾಷೆಗೂ ನಡುವೆ ಒಂದು ಸಾಮಾನ್ಯ ಒಪ್ಪಂದ ರೂಪುಗೊಂಡಿತು. ಇದರ ಲಾಭ ಸರಳ ಗಣಿತ. 5 ಎಡಿಟರುಗಳಿಗೆ 10 ಭಾಷೆಗಳನ್ನು ಒಂದೊಂದಾಗಿ ಕಲಿಸಲು 50 ಜೋಡಣೆ ಬೇಕು. ಎಲ್ಲರೂ ಒಂದೇ ಒಪ್ಪಂದಕ್ಕೆ ಬದ್ಧರಾದರೆ 15 ಸಾಕು.

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಪರೀಕ್ಷಾರ್ಥ ಬಳಕೆಗೆ ಬಂದ ಮೇಲೆ, ಮುಂದಿನ ಪದವನ್ನಲ್ಲ, ಮುಂದಿನ ಹತ್ತು ಸಾಲುಗಳನ್ನೇ ಯಂತ್ರ ಸೂಚಿಸತೊಡಗಿತು.

ಹಾಗಾದರೆ ಸಾಧನ ಬೇಡವೇ?

ಹಾಗೆ ಹೇಳಲಾರೆ. ನಾನು ಈ ವೃತ್ತಿಗೆ ಬಂದಾಗ ಕಾರ್ಯಕ್ರಮಗಳ ಸಂಕಲನ ಟೇಪಿನಿಂದ ಟೇಪಿಗೆ ನಡೆಯುತ್ತಿತ್ತು. ನಡುವೆ ಐದು ಸೆಕೆಂಡಿನ ದೃಶ್ಯ ಸೇರಿಸಬೇಕೆಂದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಜೋಡಿಸಬೇಕು. ಗಣಕದ ಮೇಲಿನ ಸಂಕಲನ ಬಂದ ಮೇಲೆ ಅದು ಕ್ಷಣದ ಕೆಲಸ. ಹಳೆಯ ಕಷ್ಟ ಮರಳಿ ಬರಲೆಂದು ನಮ್ಮಲ್ಲಿ ಯಾರೂ ಬಯಸುವುದಿಲ್ಲ. ಆದರೆ ಟೇಪಿನ ಕಾಲದವರು ಮೊದಲು ಕಾಗದದ ಮೇಲೆ ಇಡೀ ಕಾರ್ಯಕ್ರಮವನ್ನು ಕಟ್ಟಿ, ಆಮೇಲೆ ಯಂತ್ರ ಮುಟ್ಟುತ್ತಿದ್ದರು. ಕಾರ್ಡಿನ ಕಟ್ಟು ಕೊಡುವ ಮೊದಲು ಮನಸ್ಸಿನಲ್ಲೇ ಪ್ರೋಗ್ರಾಮು ಓಡಿಸಿ ನೋಡುತ್ತಿದ್ದವರ ಅಭ್ಯಾಸವೂ ಅದೇ. ಆ ಅಭ್ಯಾಸ ಕಾರ್ಡಿನ ಜೊತೆಗೇ ಹೋಗಬೇಕಾಗಿಲ್ಲ.

ನನ್ನ ಗೆಳೆಯ ಈಗ ಹೊಸಬರಿಗೆ ತರಬೇತಿ ಕೊಡುತ್ತಾನೆ. ಮೊದಲ ದಿನ ಅವರಿಗೆ ಐ.ಡಿ.ಇ. ಕೊಡುವುದಿಲ್ಲ. ಎರಡನೆಯ ದಿನದಿಂದ ಅದಿಲ್ಲದೆ ಕೆಲಸ ಮಾಡಲು ಬಿಡುವುದೂ ಇಲ್ಲ.

ನೀವೂ ಒಂದು ಪ್ರಯೋಗ ಮಾಡಿ ನೋಡಿ. ನಿಮಗೆ ಗೊತ್ತಿರುವ ಒಂದು ಚಿಕ್ಕ ಸಿ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆಯಿರಿ. ಉತ್ತರ ಏನು ಬರಬೇಕೆಂದು ಓಡಿಸುವ ಮೊದಲೇ ಪಕ್ಕದಲ್ಲಿ ಗುರುತಿಸಿ. ಸಾಧಾರಣ ಎಡಿಟರಿನಲ್ಲಿ ಅದನ್ನು ಬೆರಳಚ್ಚು ಮಾಡಿ, ಕಂಪೈಲ್ ಒಂದು ಸಲ, ಲಿಂಕ್ ಒಂದು ಸಲ, ಬೇರೆ ಬೇರೆಯಾಗಿ ಆದೇಶ ಕೊಟ್ಟು ನೋಡಿ. ಆಮೇಲೆ ಐ.ಡಿ.ಇ.ಗೆ ಮರಳಿ. ಆ ಹಸಿರು ಗುಂಡಿ ಒತ್ತಿದಾಗ ಒಳಗೆ ಏನೇನು ನಡೆಯುತ್ತದೆಂದು ನಿಮಗೆ ಆಗ ಗೊತ್ತಿರುತ್ತದೆ. ಎಂದಾದರೂ ಅದು ಕೈಕೊಟ್ಟರೆ ಎಲ್ಲಿಂದ ಹುಡುಕಬೇಕೆಂಬುದೂ ಗೊತ್ತಿರುತ್ತದೆ.